ರಜೆಯಲ್ಲಿ ಮುರಿದ ಕಾಲು

ಮಿಲಿಟರಿ ಕಾಗದ ತಂದ ಅಂಚೆಯ ತಿಮ್ಮಪ್ಪನಿಗೆ ಸಹಿ ಹಾಕಿಸಿಕೊಂಡು ಹೋಗುವ ಅವಸರವೇನೂ ಇರಲಿಲ್ಲ. ಒಂದು ಎಲೆಯಡಿಕೆ ಕವಳ ಹಾಕಿ, ಈ ವರ್ಷ ಈರುಳ್ಳಿ ಹೇಗೆ ಎಂದು ವಿಚಾರಿಸಿ, ಲಕೋಟೆಯೊಳಗೆ ಏನಿದೆ ಎಂದು ತಿಳಿದುಕೊಂಡೇ ಏಳುವ ಅಂದಾಜಿನಲ್ಲಿ ಜಗಲಿಯ ಮೇಲೆ ಚೆನ್ನಾಗಿ ಕೂತುಬಿಟ್ಟಿದ್ದ. ಮಾಸ್ತಮ್ಮನಿಗೆ ಅವನನ್ನು ಎಬ್ಬಿಸಿ ಕಳಿಸುವ ಧೈರ್ಯವೂ ಇರಲಿಲ್ಲ, ಲಕೋಟೆ ಒಡೆಯುವುದನ್ನು ನೋಡುವ ಧೈರ್ಯವೂ ಇರಲಿಲ್ಲ.

ಎರಡು ಸಾವಿರನೇ ಇಸವಿಯ ಏಪ್ರಿಲ್ ತಿಂಗಳು. ಹೊಳನಗದ್ದೆಯ ಆ ಮನೆಯ ಅಂಗಳದ ತುಂಬ ಕಿತ್ತು ಹರಡಿದ ಈರುಳ್ಳಿ. ಮಾಸ್ತಮ್ಮ ಮತ್ತು ಸೊಸೆ ಇಬ್ಬರೂ ಕೂತು ಒಣಗಿದ ಎಲೆಗಳನ್ನು ಜಡೆ ಹಾಕಿದ ಹಾಗೆ ಹೆಣೆದು ಗೊಂಚಲು ಮಾಡುತ್ತಿದ್ದರು. ಮಗ ದುರ್ಗ ಒಂಬತ್ತು ವರ್ಷ ಪಟ್ಟಾಳದಲ್ಲಿದ್ದು, ಎಡಗಾಲಿನ ಗಂಟು ಕೆಟ್ಟು, ಇನ್ನು ನೀನು ಬೇಡ ಎನ್ನಿಸಿಕೊಂಡು ಮನೆಗೆ ಬಂದು ಹದಿನೈದು ತಿಂಗಳಾಗಿತ್ತು. ಅಷ್ಟು ಕಡಿಮೆ ವರ್ಷ ದುಡಿದವನಿಗೆ ಮಾಮೂಲಿ ಪಿಂಚಣಿ ಇಲ್ಲ. ಕಾಲು ಕೆಟ್ಟದ್ದು ಪಟ್ಟಾಳದ ಕೆಲಸದಿಂದಲೇ ಎಂದು ಸರ್ಕಾರ ಒಪ್ಪಿದರೆ ಅಂಗವಿಕಲ ಪಿಂಚಣಿ; ಒಪ್ಪದಿದ್ದರೆ ಏನೂ ಇಲ್ಲ. ಹಿಂದಿನ ವರ್ಷ ಕಾರ್ಗಿಲ್ ಯುದ್ಧವಾದಾಗ ಶಾಲೆಯವರು ಅವನನ್ನು ಕರೆದು ಶಾಲು ಹೊದಿಸಿದ್ದರು. ನಾನು ಕಾರ್ಗಿಲ್ಲಿಗಿಂತ ಮೊದಲೇ ಮನೆಗೆ ಬಂದವ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲು ಹೊದ್ದವನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ಕೇಳಿದವರೂ ಇರಲಿಲ್ಲ.

ಸೊಸೆ ಕಲ್ಪನಾ ಎಸ್ಸೆಸ್ಸೆಲ್ಸಿ ಪಾಸಾದವಳು. ಇಂಗ್ಲಿಷಿನಲ್ಲಿದ್ದ ಕಾಗದವನ್ನು ಎರಡು ಸಲ ಓದಿದಳು.

“ಎಂತ ಬರದದೆ? ಬೇಗ ಹೇಳು,” ಎಂದ ದುರ್ಗ.

“ಕೊಡೂದಿಲ್ಲ ಅಂತ ಬರದದೆ.”

“ಎಂತಕ್ಕೆ ಕೊಡೂದಿಲ್ಲ?”

ಕಲ್ಪನಾ ಒಂದು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಹೇಳಿದಳು. “ನೀವು ರಜೆಲಿ ಮನೆಗೆ ಬಂದಾಗ, ಬಾವಿಕಟ್ಟೆ ಹತ್ರ ಪಾಚಿಲಿ ಜಾರಿ ಬಿದ್ದು ಕಾಲು ಮುರ್ಕಂಡದ್ದಂತೆ. ಕುಮಟೆ ಡಾಕ್ಟರ ಸರ್ಟಿಫಿಕೇಟು ಹಾಗೇ ಹೇಳ್ತದಂತೆ. ಪಟ್ಟಾಳದ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ವಂತೆ.”

“ಬಾವಿಕಟ್ಟೆಯೋ?” ದುರ್ಗನ ಧ್ವನಿ ಎರಡು ಮನೆ ದಾಟಿತು. “ನಾ ಬಸ್ಸಿಂದ ಇಳಿಯುವಾಗ್ಲೇ ಕುಂಟ್ತಾ ಇದ್ನಲ್ಲ! ಅಬ್ಬೆ, ನೀ ಕಂಡಿದ್ದೆ ಅಲ್ದಾ?”

“ಕಂಡಿದ್ದೆ ತಮಾ,” ಎಂದಳು ತಾಯಿ.

“ಮತ್ತೆ ಯಾರು ಬರೆಸಿದ್ದು ಇದ್ನ?”

ಮಾಸ್ತಮ್ಮನ ಕೈಯಲ್ಲಿದ್ದ ಹೆಣಿಗೆ ಬಿಚ್ಚಿಹೋಗಿ ಈರುಳ್ಳಿಗಳು ಅಂಗಳದಲ್ಲಿ ಉರುಳಿದವು. ತಿಮ್ಮಪ್ಪ ತನಗೆ ಬೇಕಾದಷ್ಟು ಸಿಕ್ಕಿತೆಂದು ಸೈಕಲ್ ಹತ್ತಿದ.

ಬರೆಸಿದವಳು ಮಾಸ್ತಮ್ಮನೇ. ತೊಂಬತ್ತೇಳರ ಜನವರಿಯಲ್ಲಿ ದುರ್ಗ ಎರಡು ತಿಂಗಳ ರಜೆಗೆ ಬಂದಾಗ ಕಾಲು ಬೂದುಗುಂಬಳದ ಹಾಗೆ ಬಾತಿತ್ತು. ರಜೆ ಮುಗಿಯುತ್ತ ಬಂದರೂ ಊತ ಇಳಿಯಲಿಲ್ಲ. ರಜೆ ಮುಂದುವರಿಸಲು ಡಾಕ್ಟರ ಚೀಟಿ ಬೇಕಾಗಿತ್ತು. ದುರ್ಗನಿಗೆ ಹೆಜ್ಜೆ ಊರಲಾಗದ್ದರಿಂದ ಅಳಿಯ ವಿಘ್ನೇಶ್ವರ ತನ್ನ ಟೆಂಪೋದಲ್ಲಿ ಮಾಸ್ತಮ್ಮನನ್ನು ಕುಮಟೆಗೆ ಕರೆದುಕೊಂಡು ಹೋಗಿದ್ದ. ಅವನು ಹೊರಗೆ ಟೆಂಪೋ ಹತ್ತಿರ ನಿಂತ, ಇವಳು ಒಳಗೆ ಹೋದಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, “ಎಲ್ಲಿ ಬಿದ್ದದ್ದು ಮಾಸ್ತಮ್ಮ?” ಎಂದು ಕೇಳಿದರು. ಕೇಳಿದ್ದೇ ತಡ, ಅವಳ ಕಣ್ಣಿಗೆ ತೀರಿಹೋದ ಗಂಡ ಬೀರನ ಕೈ ಕಂಡಿತು.

ಬೀರ ಹೊನ್ನಾವರದ ಒಂದು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಗರಗಸಕ್ಕೆ ಎರಡು ಬೆರಳು ಹೋದಾಗ ಧಣಿಯ ಮುಂದೆ ನಿಂತು, ನಿಮ್ಮ ಮಿಲ್ಲಿನಲ್ಲೇ ಆದದ್ದು, ಏನಾದರೂ ದಾರಿ ಮಾಡಿ ಎಂದ. ಧಣಿ ಅವನಿಗೆ ಮನೆಯ ದಾರಿ ತೋರಿಸಿದ. ಅದೇ ಮಿಲ್ಲಿನಲ್ಲಿ ಕೈ ಮುರಿದುಕೊಂಡ ಇನ್ನೊಬ್ಬ, ತೆಂಗಿನ ಮರದಿಂದ ಬಿದ್ದೆ ಎಂದು ಹೇಳಿ, ಮೂರು ತಿಂಗಳ ಮೇಲೆ ಮತ್ತೆ ಕೆಲಸಕ್ಕೆ ಹತ್ತಿದ. ಕೆಲಸದಲ್ಲಿ ಪೆಟ್ಟಾಯಿತು ಎಂದು ಕೆಲಸ ಕೊಟ್ಟವನಿಗೆ ಹೇಳಬಾರದು: ಮಾಸ್ತಮ್ಮ ಬದುಕಿನಲ್ಲಿ ಕಲಿತ ದೊಡ್ಡ ಪಾಠ ಇದೊಂದೇ. ಸರ್ಕಾರವೂ ಒಬ್ಬ ದೊಡ್ಡ ಧಣಿಯೇ ಅಲ್ಲವೇ? ಮಗನ ನೌಕರಿ ಉಳಿಯಲಿ ಎಂದು, “ನಮ್ಮನೆ ಬಾವಿಕಟ್ಟೆ ಹತ್ರ, ಪಾಚಿಲಿ ಜಾರಿ,” ಎಂದುಬಿಟ್ಟಳು. ಡಾಕ್ಟರು ಇಂಗ್ಲಿಷಿನಲ್ಲಿ ಬರೆದು ಲಕೋಟೆ ಅಂಟಿಸಿದರು. ವಿಘ್ನೇಶ್ವರ ಅಂಚೆಗೆ ಹಾಕಿದ. ರಜೆ ಸಿಕ್ಕಿತು. ಆ ಡಾಕ್ಟರು ಈಗ ಇಲ್ಲ. ಅವರು ಬರೆದದ್ದು ಮಾತ್ರ ಎಲ್ಲೋ ಫೈಲಿನಲ್ಲಿ ಕೂತು ಮಗನ ಅನ್ನ ತಿನ್ನುತ್ತಿತ್ತು.

“ಸರ್ಟಿಫಿಕೇಟು ಅಂಚೆಗೆ ಹಾಕ್ದವ ವಿಘ್ನೇಶ್ವರ ಭಾವ ಅಲ್ದಾ?” ದುರ್ಗ ಕೇಳಿದ. “ನೀ ಜೊತೆಗೆ ಹೋದದ್ದಷ್ಟೆ, ಅಂವನೇ ಬರೆಸಿದ್ದು. ಬಾಯಿಗೆ ಬಂದದ್ದು ಹೇಳಿರ್ತ.”

ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ಮಾಸ್ತಮ್ಮ ಉರುಳಿದ ಈರುಳ್ಳಿ ಹೆಕ್ಕತೊಡಗಿದಳು.

ಮರುವಾರ ಈರುಳ್ಳಿ ಗೊಂಚಲು ಮಾರಲು ಕುಮಟೆಗೆ ಹೋದ ದಿನ ತಾಯಿ ಮಗ ಇಬ್ಬರೂ ರಮಾನಂದ ಸುಬೇದಾರರ ಮನೆಗೆ ಹೋದರು. ನಿವೃತ್ತರಾದ ಸುಬೇದಾರರು ತಾಲೂಕಿನ ಮಾಜಿ ಸೈನಿಕರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರು. ಚಹಾ ಕುಡಿಸದೆ ಯಾರನ್ನೂ ಕಳಿಸುವವರಲ್ಲ, ಬೈಯದೆಯೂ ಕಳಿಸುವವರಲ್ಲ.

“ಅಪೀಲು ಹಾಕೂಕೆ ಆರು ತಿಂಗಳು ಟೈಮಿದೆ,” ಎಂದರು. “ಆದರೆ ಬರೀ ಬಾಯಿಮಾತಿಗೆ ಬೆಲೆ ಇಲ್ಲ ದುರ್ಗ. ಮೇಲೆ ಗುಡ್ಡದ ಕಾವಲು ಪೋಸ್ಟಿನಲ್ಲಿ ಬಿದ್ದೆ ಅಂತಿ. ಅಲ್ಲಿ ರಿಪೋರ್ಟು ಯಾಕಿಲ್ಲ?”

“ಬರೆಸಿದ್ದೆ ಸಾಹೇಬ್ರೆ. ಅವ್ರೇ ಕಳ್ದು ಹಾಕಿದ್ದಾರೆ,” ಎಂದ ದುರ್ಗ.

“ಕಾಲಿಗೆ ಪಟ್ಟಿ ಕಟ್ಟಿದವ ಯಾರು?”

“ಬೆಳಗಾವಿ ಕಡೆಯವ, ಸಂಜಯ ಅಂತ. ಅಂವ ಬರೆದು ಕೊಡ್ತ.”

“ತರಿಸು. ಅದಕ್ಕಿಂತ ಮುಖ್ಯ, ಈ ಸರ್ಟಿಫಿಕೇಟು ಮಾಡಿಸಿದವರು ಯಾರೋ, ಅವರು ಬಂದು ನೋಟರಿ ಮುಂದೆ ‘ನಾನು ಹೇಳಿದ್ದು ಸುಳ್ಳು’ ಅಂತ ಬರೆದುಕೊಡಬೇಕು. ಅದಿಲ್ಲದಿದ್ದರೆ ಈ ಕಾಗದ ಒಲೆಗೆ ಹಾಕು.”

ಬಾಗಿಲ ಬಳಿ ಕೂತಿದ್ದ ಮಾಸ್ತಮ್ಮ ಕೇಳಿದಳು. “ಹಾಗೆ ಬರ್ದು ಕೊಟ್ಟವ್ರಿಗೆ ಎಂತ ಆಗ್ತದೆ ಒಡೆಯಾ?”

“ಸರ್ಕಾರಕ್ಕೆ ಸುಳ್ಳು ಕಾಗದ ಕಳಿಸಿದ್ದಲ್ಲವೇ ತಾಯಿ? ಮನಸ್ಸು ಮಾಡಿದರೆ ಕೇಸು ಹಾಕಬಹುದು.”

“ಹಾಕ್ಲಿ,” ಎಂದ ದುರ್ಗ. “ನನ್ನ ಹೊಟ್ಟೆಗೆ ಕಲ್ಲು ಹಾಕ್ದವ ಜೈಲಲ್ಲಿ ಕೊಳೀಲಿ.”

ಮಾಸ್ತಮ್ಮ ಸುಬೇದಾರರ ಮನೆಯ ಚಹಾ ಕುಡಿಯದೆ ಕೆಳಗಿಟ್ಟಳು. ಅಂದಿನಿಂದ ಅವಳು ಖಾಕಿ ಬಟ್ಟೆ ಕಂಡರೆ ರಸ್ತೆಯ ಆಚೆಗೆ ಸರಿಯುತ್ತಿದ್ದಳು. ಬಸ್ಸಿನ ಕಂಡಕ್ಟರನನ್ನು ಕಂಡೂ ಎರಡು ಸಲ ಹೆದರಿದಳು. ಕೇಸಿನದು ಒಂದು ಹೆದರಿಕೆಯಾದರೆ, ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಹೊಟ್ಟೆಗೆ ಕಲ್ಲು ಹಾಕಿದವಳು ತಾಯಿಯೇ ಎಂದು ಗೊತ್ತಾದ ದಿನ ಈ ಮಗ ತನ್ನ ಮುಖ ನೋಡುತ್ತಾನೆಯೇ? ಅವಳಿಗಿದ್ದ ಗಂಡುಮಗ ಅವನೊಬ್ಬನೇ. ಇದು ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಮನೆಯಲ್ಲಿ ಊಟಕ್ಕೆ ಕೂತರೆ ಜಗಳ, ಎದ್ದರೆ ಜಗಳ. ದುರ್ಗ ಹೊನ್ನಾವರದಲ್ಲಿ ಒಂದು ಅಂಗಡಿಗೆ ವಾಚಮನ್ ಕೆಲಸಕ್ಕೆ ಹೋಗಿ, ಎಂಟು ತಾಸು ನಿಲ್ಲಲಾಗದೆ ಆರನೇ ದಿನ ವಾಪಸು ಬಂದ. ಗದ್ದೆ ಅಂಚಿನ ಕಿರಿದಾದ ಹಾಳಿ ಮೇಲೆ ನಡೆದರೆ ಕಾಲು ಹೊರಳುತ್ತಿತ್ತು. ಒಂದು ಮಧ್ಯಾಹ್ನ ಮಾಸ್ತಮ್ಮ ಬಂಗಡೆ ಸಾರಿನಲ್ಲಿ ದೊಡ್ಡ ಹೋಳು ಹುಡುಕಿ ಅವನ ತಟ್ಟೆಗೆ ಹಾಕಿದಳು. ಅವನು ಅದನ್ನು ಎತ್ತಿ ಮೂರು ವರ್ಷದ ಮಗಳು ಸುಪ್ರಿಯಾಳ ತಟ್ಟೆಗೆ ಹಾಕಿದ.

“ದುಡಿಯೂದು ನೀವಿಬ್ರು. ನಂಗೆ ಎಂತಕ್ಕೆ ಹೋಳು?”

“ದಿನಾ ಇದೇ ಮಾತು ಕೇಳಿ ಸಾಕಾಯ್ತು,” ಎಂದಳು ಕಲ್ಪನಾ. “ನಂಗೊಂದು ಮಾತು ಹೇಳಿ. ಕಾಲು ಎಲ್ಲಿ ಮುರ್ದದ್ದು? ನಾ ಹೆರಿಗೆಗೆ ಶಿರಾಲಿ ತವರಿಗೆ ಹೋಗಿದ್ದೆ. ನೀವು ಬಸ್ಸಿಂದ ಇಳ್ದದ್ದು ನಾ ನೋಡ್ಲಿಲ್ಲ. ಪಟ್ಟಾಳದಲ್ಲಿ ಒಂದು ಚೂರು ಕಾಗದ ಇಲ್ಲ. ಇಲ್ಲಿ ಡಾಕ್ಟ್ರ ಕಾಗದ ಅದೆ.”

“ಅಂದ್ರೆ ನಾ ಸುಳ್ಳು ಹೇಳ್ತೆ ಅಂತಿಯಾ?”

“ನಾ ಎಂತದೂ ಹೇಳೂದಿಲ್ಲ. ಈರುಳ್ಳಿ ಮುಗೀಲಿ, ಕೂಸಿನ ಕರ್ಕಂಡು ಶಿರಾಲಿಗೆ ಹೋಗ್ತೆ. ಅಲ್ಲಿ ಅಣ್ಣ ನಂಗೊಂದು ಹೊಲಿಗೆ ಮಿಶನ್ ತೆಗ್ದು ಕೊಡ್ತ.”

ದುರ್ಗ ಊಟ ಬಿಟ್ಟು ಎದ್ದ. ಕಲ್ಪನಾ ಹೇಳಿದ್ದನ್ನು ಮಾಡುವವಳು. ಮಾಸ್ತಮ್ಮ ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದಳು. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಂಡಳು. ಆ ಈಗ ಎಂಬುದು ಊಟದ ಹೊತ್ತು ಕಳೆದು, ಹಪ್ಪಳ ಒಣಗಿಸುವ ಹೊತ್ತಿಗೆ ಹೋಗಿ, ಅಲ್ಲಿಂದ ನಾಳೆಗೆ ಹೋಯಿತು. ಹೀಗೆ ಮೂರು ವಾರ ಕಳೆಯಿತು.

ಮೇ ತಿಂಗಳಲ್ಲಿ ವಿಘ್ನೇಶ್ವರ ಹೆಂಡತಿ ಹೊನ್ನಿಯನ್ನು ಕರೆದುಕೊಂಡು ಕರ್ಕಿಯಿಂದ ಬಂದ. ಹೊನ್ನಿಗೆ ಏಳು ತಿಂಗಳು. ಹಿಂದೆ ಎರಡು ಸಲ ಉಳಿಯದೆ ಹೋಗಿ, ಇದು ಮೂರನೆಯದು. ದುರ್ಗ ಅವರಿಗೆ ಕೈಕಾಲು ತೊಳೆಯಲೂ ಬಿಡಲಿಲ್ಲ.

“ಭಾವ, ನೀ ಬರ್ದು ಕೊಡ್ತೆಯೋ ಇಲ್ವೋ?”

“ನಾ ಎಂತ ಬರ್ದು ಕೊಡೂದು? ಅಂಟಿಸಿದ ಕವರು ಕೊಟ್ರು, ಅಂಚೆಗೆ ಹಾಕ್ದೆ,” ಎಂದ ವಿಘ್ನೇಶ್ವರ.

“ಹಾಗಾದ್ರೆ ಇಡಗುಂಜಿಗೆ ಬಾ. ಗಣಪತಿ ಮುಂದೆ ಮೆಟ್ಟಿಲು ಮುಟ್ಟಿ ಪ್ರಮಾಣ ಮಾಡು. ನಾ ಸುಮ್ನಾಗ್ತೆ.”

ಹೊನ್ನಿ ಗೋಡೆ ಹಿಡಿದು ನಿಂತಳು. ಆ ಕಡೆಯಲ್ಲಿ ಆಣೆ ಎಂದರೆ ಆಟವಲ್ಲ. ಕೋರ್ಟಿನಲ್ಲಿ ಗೀತೆ ಮುಟ್ಟಿ ಸುಳ್ಳು ಹೇಳುವವರೂ ಇಡಗುಂಜಿಯ ಮೆಟ್ಟಿಲು ಮುಟ್ಟುವುದಿಲ್ಲ. ಸುಳ್ಳಾಣೆ ಮಾಡಿದವನ ಮನೆಗೆ ಕೇಡು ಎಂಬುದು ಸರಿಯೇ; ಸತ್ಯದ ಆಣೆಯೂ ಬಸುರಿ ಇರುವ ಮನೆಗೆ ಒಳ್ಳೆಯದಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಆಣೆ ಮಾಡಿಸಿದವನಿಗೂ, ಸತ್ಯ ಗೊತ್ತಿದ್ದು ಪಕ್ಕದಲ್ಲಿ ನಿಂತು ನೋಡಿದವರಿಗೂ ಅದು ತಟ್ಟದೆ ಬಿಡದು.

“ಅಣ್ಣಾ, ಈಗ ಬ್ಯಾಡ,” ಎಂದಳು ಹೊನ್ನಿ. “ನನ್ನ ಹೊಟ್ಟೆ ಇಳೀಲಿ. ಆಮೇಲೆ ಎಂತ ಬೇಕಾದ್ರೂ ಮಾಡ್ಸು.”

“ಸತ್ಯ ಇದ್ದವ್ರಿಗೆ ಹೆದ್ರಿಕೆ ಎಂತಕ್ಕೆ? ಬರೂದಿಲ್ಲ ಅಂದ್ರೆ ಇವತ್ತಿಗೆ ಈ ಮನೆಗೂ ನಿಮಗೂ ಮುಗೀತು.”

ಮಾಸ್ತಮ್ಮ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ನೀರು ಬೇಕಾಗಿರಲಿಲ್ಲ, ಅಲ್ಲಿ ನಿಲ್ಲಲಾಗಲಿಲ್ಲ ಅಷ್ಟೆ. ಸ್ವಲ್ಪ ಹೊತ್ತಿಗೆ ವಿಘ್ನೇಶ್ವರ ಹಿಂದೆಯೇ ಬಂದು, ಅವಳ ಕೈಯಿಂದ ಹಗ್ಗ ತೆಗೆದುಕೊಂಡು ನೀರು ಸೇದಿಕೊಟ್ಟ.

“ಅತ್ತೆ, ಅವತ್ತು ಡಾಕ್ಟ್ರ ಹತ್ರ ಒಳಗೆ ಹೋದದ್ದು ನೀವು,” ಎಂದ ತಗ್ಗಿದ ದನಿಯಲ್ಲಿ. “ನಾ ಯಾರಿಗೂ ಹೇಳ್ಲಿಲ್ಲ. ಹೊನ್ನಿಗೂ ಹೇಳ್ಲಿಲ್ಲ. ಆದ್ರೆ ನಾ ಪ್ರಮಾಣ ಮಾಡಿ, ಅದು ನಿಮಗೆ ತಟ್ಟಿದ್ರೆ? ನಿಮ್ಮ ಮಗಳ ಹೊಟ್ಟೆಗೇ ತಟ್ಟಿದ್ರೆ? ನೀವೇ ಹೇಳಿ, ನಾ ಎಂತ ಮಾಡ್ಲಿ?”

ಮಾಸ್ತಮ್ಮನಿಗೆ ಅಳುವೂ ಬರಲಿಲ್ಲ. “ನೀ ಬಾ. ನಾನೂ ಬತ್ತೆ,” ಎಂದಳು.

ಸಂಕಷ್ಟಿಯ ದಿನ ಇಡಗುಂಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂಚಕಜ್ಜಾಯದ ಪೊಟ್ಟಣ ಹಿಡಿದವರು, ಹೊಸ ಸ್ಕೂಟರಿಗೆ ಹೂ ಹಾಕಿಸಲು ಬಂದವರು, ಮಕ್ಕಳು, ಗದ್ದಲ. ಹೊನ್ನಿ ಟೆಂಪೋದಲ್ಲೇ ಉಳಿದಳು. ದುರ್ಗ ಕುಂಟುತ್ತ ಮುಂದೆ, ವಿಘ್ನೇಶ್ವರ ತಲೆ ತಗ್ಗಿಸಿ ಅವನ ಹಿಂದೆ, ಸುಪ್ರಿಯಾಳನ್ನು ಎತ್ತಿಕೊಂಡು ಕಲ್ಪನಾ ಕೊನೆಗೆ. ಮಾಸ್ತಮ್ಮ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಎಂಟು ದಿನ ಹುಡುಕಿದರೂ ಅವಳಿಗೆ ಹೇಳಲು ಸರಿಯಾದ ಮಾತು ಸಿಕ್ಕಿರಲಿಲ್ಲ.

ವಿಘ್ನೇಶ್ವರ ಬಗ್ಗಿ ಮೆಟ್ಟಿಲಿಗೆ ಕೈ ಚಾಚಿದ. ಮಾಸ್ತಮ್ಮ ಜನರನ್ನು ನೂಕಿಕೊಂಡು ಬಂದು ಅವನ ಕೈ ಹಿಡಿದು ಎಳೆದಳು.

“ಬ್ಯಾಡ! ಅಂವಂದಲ್ಲ. ನಾನು, ನಾನೇ ಹೇಳಿದ್ದು! ಬಾವಿಕಟ್ಟೆ ಅಂದವ್ಳು ನಾನು!”

“ಅಬ್ಬೆ, ಎಂತ ಹೇಳ್ತೆ ನೀನು?”

“ನಿನ್ನಪ್ಪನ ಓಡ್ಸಿದ ಹಾಗೆ ನಿನ್ನೂ ಓಡ್ಸ್ತಾರೆ ಅಂತ ಹೆದ್ರಿದ್ದೆ ತಮಾ. ಕೆಲಸದಲ್ಲಿ ಪೆಟ್ಟಾಯ್ತು ಅಂದ್ರೆ ತೆಗ್ದು ಹಾಕ್ತಾರೆ ಅಂತ… ಪಿಂಚಣಿ ಗಿಂಚಣಿ ನಂಗೆಂತ ಗೊತ್ತು? ಡಾಕ್ಟ್ರು ಕೇಳ್ದರು, ಹೇಳ್ದೆ. ಈಗ ಇಲ್ಲೇ ಹೇಳ್ತೆ, ಶಿಕ್ಷೆ ಇದ್ರೆ ನಂಗಾಗ್ಲಿ. ಆ ಹುಡುಗಿ ಹೊಟ್ಟೆಗೆ ಎಂತದೂ ತಟ್ಟೂದು ಬ್ಯಾಡ.”

ಅವಳು ಮೆಟ್ಟಿಲಿಗೆ ಹಣೆ ಹಚ್ಚಿದಳು. ಪಂಚಕಜ್ಜಾಯದವರು ಅವಳನ್ನು ಬಳಸಿಕೊಂಡು ಮುಂದೆ ಹೋದರು. ಎದ್ದು ನೋಡುವಾಗ ದುರ್ಗ ಇರಲಿಲ್ಲ. ಅವನು ಒಬ್ಬನೇ ಬಸ್ಸು ಹಿಡಿದು ಹೋಗಿದ್ದ.

ಬೈದಿದ್ದರೆ ಒಳ್ಳೆಯದಿತ್ತು. ದುರ್ಗ ಬೈಯಲಿಲ್ಲ. ತಾಯಿಯೊಂದಿಗೆ ಮಾತನ್ನೇ ಬಿಟ್ಟ. ಅವಳು ಬಡಿಸಿದರೆ ಹಸಿವಿಲ್ಲ ಎನ್ನುವನು. ಕಲ್ಪನಾ ಬಡಿಸಿದರೆ ತಲೆ ಎತ್ತದೆ ತಿನ್ನುವನು. ಮಾಸ್ತಮ್ಮ ಗಂಜಿ ಬೇಯಿಸಿಟ್ಟು ಕೊಟ್ಟಿಗೆಯ ಕಡೆ ಹೋಗಿ ಕೂರುವುದನ್ನು ರೂಢಿಮಾಡಿಕೊಂಡಳು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಎದ್ದು ಒಳಗೆ ಹೋಗುವಳು.

“ಅತ್ತೆ, ಅವ್ರು ಎಷ್ಟು ದಿನ ಅಂತ ಹೀಗಿರ್ತಾರೆ, ಬಿಡಿ,” ಎಂದಳು ಕಲ್ಪನಾ ಒಂದು ದಿನ. ಶಿರಾಲಿಗೆ ಹೋಗುವ ಮಾತನ್ನು ಅವಳು ಆಮೇಲೆ ಎತ್ತಿರಲಿಲ್ಲ. ಆದರೆ ಸೀರೆಗಳನ್ನು ಮಡಚಿ ಟ್ರಂಕಿನಲ್ಲಿ ಇಟ್ಟದ್ದು ಹಾಗೆಯೇ ಇತ್ತು.

“ನೀನಾದ್ರೂ ನಂಬಿದ್ಯಾ? ಅಂವ ಕುಂಟ್ತಾನೇ ಬಂದದ್ದು.”

“ನಿಮ್ಮ ಮಾತು ನಂಬ್ತೆ ಅತ್ತೆ. ಪಟ್ಟಾಳದವ್ರು ರಿಪೋರ್ಟು ಕಳ್ದು ಹಾಕಿದ್ದಾರೆ ಅನ್ನೂದು ನಂಗೆ ಇನ್ನೂ ಗಂಟಲಲ್ಲಿ ಇಳೀತಿಲ್ಲ.”

ಜೂನ್ ಮೊದಲ ವಾರ ಸಂಜಯನ ಕಾಗದ ಬಂತು. ದುರ್ಗ ಅದನ್ನು ಓದಿ ಜೇಬಿಗಿಟ್ಟುಕೊಂಡು ಒಬ್ಬನೇ ಸುಬೇದಾರರ ಮನೆಗೆ ಹೋಗಿ ಬಂದ. ಬಂದವನು ಕಲ್ಪನಾಳಿಗೆ ಹೇಳಿದ. “ನಾಳೆ ಎಲ್ಲರೂ ಕುಮಟೆಗೆ ಹೋಗೂದದೆ. ಅಬ್ಬೆಗೆ ಹೇಳು, ಹೆಬ್ಬೆಟ್ಟು ಒತ್ತಬೇಕು.”

ನೋಟರಿ ವಕೀಲರ ಜಗಲಿಯಲ್ಲಿ ಬೆಂಚಿನ ತುದಿಗೆ ಕೂತ ಮಾಸ್ತಮ್ಮ ಸೆರಗನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. ರಮಾನಂದ ಸುಬೇದಾರರೂ ಬಂದಿದ್ದರು. ಛಾಪಾ ಕಾಗದದಲ್ಲಿ ಟೈಪಾದದ್ದನ್ನು ಗುಮಾಸ್ತ ಓದಿ ಹೇಳಿದ. ಕೊನೆಗೆ, “ನನ್ನ ಮಗನ ನೌಕರಿ ಹೋಗುವುದೆಂದು ಹೆದರಿ ನಾನು ಸುಳ್ಳು ಹೇಳಿದೆ,” ಎಂದಿತ್ತು.

“ಸರಿಯೋ ಅಮ್ಮ?” ಎಂದು ಕೇಳಿದರು ವಕೀಲರು.

“ಸರಿ ಒಡೆಯಾ.”

ಗುಮಾಸ್ತ ಅವಳ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದ. ಅವಳು ಅವಸರದಲ್ಲಿ ಬೆರಳು ಎಳೆದುಕೊಂಡದ್ದಕ್ಕೆ ಗುರುತು ಕಲಸಿಹೋಯಿತು. ಇನ್ನೊಂದು ಸಲ ಒತ್ತಬೇಕಾಯಿತು. ಎದ್ದು ಹೋಗಲು ನೋಡಿದವಳನ್ನು ಸುಬೇದಾರರು ತಡೆದರು. “ಕೂತುಕೊ ತಾಯಿ. ಇನ್ನೊಂದಿದೆ, ಕೇಳು.”

ಗುಮಾಸ್ತ ಎರಡನೆಯ ಕಾಗದ ಎತ್ತಿಕೊಂಡ. ಅದು ದುರ್ಗನದು.

“ತೊಂಬತ್ತಾರನೇ ಇಸವಿ ಡಿಸೆಂಬರ್ ಇಪ್ಪತ್ತೊಂಬತ್ತರಂದು ಸೀಮೆಎಣ್ಣೆ ಡಬ್ಬಿ ಹೊತ್ತು ಪೋಸ್ಟಿನಿಂದ ಇಳಿಯುವಾಗ ಜಾರಿ ಬಿದ್ದು ನನ್ನ ಎಡಗಾಲಿನ ಗಂಟಿಗೆ ಪೆಟ್ಟಾಯಿತು. ಮೂರು ದಿನದ ಮೇಲೆ ನನ್ನ ರಜೆ ಇತ್ತು. ನನಗೆ ಮಗಳು ಹುಟ್ಟಿದ್ದಾಳೆಂದು ತಂತಿ ಬಂದಿತ್ತು. ಆಸ್ಪತ್ರೆಗೆ ಸೇರಿಸಿದರೆ ರಜೆ ರದ್ದಾಗುವುದೆಂದು ಹೆದರಿ ನಾನು ಯಾವ ಅಧಿಕಾರಿಗೂ ತಿಳಿಸಲಿಲ್ಲ, ರಿಪೋರ್ಟು ಬರೆಸಲಿಲ್ಲ. ಜೊತೆಗಾರ ಸಂಜಯನಿಂದ ಪಟ್ಟಿ ಕಟ್ಟಿಸಿಕೊಂಡು, ಬೂಟು ಹಾಕಿ, ಏನೂ ಆಗಿಲ್ಲವೆಂದು ಹೇಳಿ ಊರಿಗೆ ಬಂದೆ. ರಿಪೋರ್ಟು ಕಳೆದುಹೋಗಿದೆ ಎಂದು ನಾನು ಹಿಂದೆ ಹೇಳಿದ್ದು ಸುಳ್ಳು.”

ಕಲ್ಪನಾ ಗಂಡನ ಮುಖ ನೋಡಿದಳು, ಮಡಿಲಲ್ಲಿದ್ದ ಮಗಳ ಮುಖ ನೋಡಿದಳು. ದುರ್ಗ ಪೆನ್ನು ತೆಗೆದುಕೊಂಡು ಸಹಿ ಹಾಕಿದ.

“ಸಂಜಯನ ಕಾಗದವೂ ಇದನ್ನೇ ಹೇಳುತ್ತದೆ. ಇಷ್ಟು ಬರೆದ ಮೇಲೂ ಪಿಂಚಣಿ ಬಂದೇ ಬರುತ್ತದೆ ಅಂತ ನಾನು ಹೇಳುವುದಿಲ್ಲ,” ಎಂದರು ಸುಬೇದಾರರು. “ವರ್ಷ ಹಿಡಿದೀತು. ಇಲ್ಲ ಅಂತಲೂ ಬಂದೀತು. ಬಯ್ಯಬೇಕು ಅಂತಿದ್ದೆ, ತಾಯಿ ಮಗ ಇಬ್ಬರೂ ಒಂದೇ ಮಡಕೆಯ ಗಂಜಿ. ಹೋಗಿ ಈಗ.”

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಕಲ್ಪನಾ ಮಗಳನ್ನು ಎತ್ತಿಕೊಂಡು ಮುಂದೆ ನಡೆದಳು. ದುರ್ಗ ಕಾಲು ಎಳೆಯುತ್ತ ತಾಯಿಯ ಪಕ್ಕಕ್ಕೆ ಬಂದ. ಅವಳು ಶಾಯಿಯ ಹೆಬ್ಬೆರಳನ್ನು ಸೆರಗಿನಲ್ಲಿ ಅಡಗಿಸಿಕೊಂಡಿದ್ದಳು. ರಸ್ತೆಯ ಆಚೆ ಒಬ್ಬ ಪೊಲೀಸಿನವ ಎಳನೀರು ಕುಡಿಯುತ್ತ ನಿಂತಿದ್ದ. ಮಾಸ್ತಮ್ಮನ ಹೆಜ್ಜೆ ನಿಂತುಬಿಟ್ಟಿತು.

“ತಮಾ, ಅವ್ರು ಮನೆಗೆ ಬತ್ತಾರೋ?”

ಇಪ್ಪತ್ತು ದಿನಗಳ ಮೇಲೆ ದುರ್ಗ ತಾಯಿಯೊಂದಿಗೆ ಮಾತಾಡಿದ.

“ಬಂದ್ರೆ ಬರ್ಲಿ ಅಬ್ಬೆ. ಇಬ್ರನ್ನೂ ಒಂದೇ ಜೀಪಲ್ಲಿ ಕರ್ಕಂಡು ಹೋಗ್ಬೇಕು ಅವ್ರು. ಮೊದ್ಲು ಸುಳ್ಳು ಹೇಳ್ದವ ನಾನು. ನೀ ಎರಡ್ನೇದವ್ಳು.”

ಮಾಸ್ತಮ್ಮ ಆ ಪೊಲೀಸಿನವನನ್ನೇ ನೋಡುತ್ತಿದ್ದಳು.

“ಜೀಪು ಎತ್ತರ ಇರ್ತದೆ ತಮಾ,” ಎಂದಳು, ನಿಜವಾಗಿಯೇ ಹೆದರಿ. “ನಂಗೆ ಹತ್ತೂಕೆ ಬರೂದಿಲ್ಲ.”

“ನಾ ಕೈ ಹಿಡ್ಕಂತೆ,” ಎಂದ ದುರ್ಗ.